ಹನ್ನೊಂದು ಗಂಟೆಗೆ ಉಳಿಯುವ ಅಕ್ಷರ

ನಮ್ಮ ಊರಿನಲ್ಲಿ ಸುಳ್ಳು ಕಾಗದದ ಮೇಲೆ ಮೂರು ತಾಸಿಗಿಂತ ಹೆಚ್ಚು ನಿಲ್ಲುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ಬರೆದದ್ದು ಹನ್ನೊಂದಕ್ಕೆ ಹೋಗಿರುತ್ತದೆ. ಪೆನ್ನು ಯಾವುದಾದರೂ ಅಷ್ಟೆ, ಅಚ್ಚಾದ ಅಕ್ಷರವಾದರೂ ಅಷ್ಟೆ. ಹೊರಗಿನಿಂದ ಬಂದವರು ಇದನ್ನು ಕೇಳಿ ಕಣ್ಣರಳಿಸುತ್ತಾರೆ. ನಮಗೆ ಮಾತ್ರ ಇದು ಊರ ಬಾವಿಯ ನೀರು ಸ್ವಲ್ಪ ಸಪ್ಪೆ ಎನ್ನುವಷ್ಟೇ ದೊಡ್ಡ ಸಂಗತಿ. ಮದುವೆ ಕಾಗದದಲ್ಲಿ 'ತಮ್ಮ ಆಗಮನವೇ ಉಡುಗೊರೆ' ಎನ್ನುವ ಸಾಲು ಹೇಗೂ ಖಾಲಿಯಾಗುತ್ತದೆಂದು ನಮ್ಮ ಪ್ರೆಸ್ಸಿನವನು ಮೊದಲೇ ಅಲ್ಲೊಂದು ಬಾಳೆಕಂಬದ ಚಿತ್ರ ಹಾಕಿಬಿಡುತ್ತಾನೆ. ದಿನಪತ್ರಿಕೆ ಏಳಕ್ಕೆ ಬರುತ್ತದೆ. ಪುರುಸೊತ್ತಿದ್ದವರು ಆಗಲೇ ಓದುತ್ತಾರೆ, ಅವಸರದವರು ಹತ್ತು ಕಳೆದ ಮೇಲೆ ಓದುತ್ತಾರೆ, ಎರಡು ನಿಮಿಷಕ್ಕೆ ಮುಗಿಯುತ್ತದೆ. ರಜೆ ಅರ್ಜಿಯಲ್ಲಿ ನಾವು ಯಾರೂ ಜ್ವರ, ಹೊಟ್ಟೆನೋವು ಎಂದು ಬರೆಯುವುದಿಲ್ಲ. 'ಕಾರಣಾಂತರಗಳಿಂದ' ಎಂದು ಬರೆಯುತ್ತೇವೆ. ಆ ಪದ ಅಳಿಸಿಹೋದದ್ದನ್ನು ಇವತ್ತಿನವರೆಗೆ ಯಾರೂ ಕಂಡಿಲ್ಲ.

ನಾನು ಇಲ್ಲಿಯ ದೊಡ್ಡಾಸ್ಪತ್ರೆಯ ಐಸಿಯುವಿನಲ್ಲಿ ನರ್ಸು. ಹೆಸರು ಚಂದ್ರಮೌಳಿ, ಕರೆಯುವುದು ಬ್ರದರ್ ಎಂದು. ಆರು ಹಾಸಿಗೆ, ನಾಲ್ಕು ವೆಂಟಿಲೇಟರ್. ಹದಿನಾಲ್ಕು ವರ್ಷದ ಸರ್ವಿಸಿನಲ್ಲಿ ನಾನು ಕಲಿತ ಮುಖ್ಯ ವಿದ್ಯೆಯೆಂದರೆ ಸುಳ್ಳಲ್ಲದ ಹಾಗೆ ಬರೆಯುವುದು. 'ರೋಗಿಯನ್ನು ಗಮನಿಸಲಾಗಿದೆ.' ಬಾಗಿಲಲ್ಲಿ ನಿಂತು ಗಮನಿಸಿದರೂ ಗಮನಿಸಿದ್ದೇ ತಾನೆ. 'ಸೂಕ್ತ ಕ್ರಮಕ್ಕೆ ಸೂಚಿಸಲಾಗಿದೆ.' ಯಾರು, ಯಾರಿಗೆ ಎಂದು ಕಾಗದ ಕೇಳುವುದಿಲ್ಲ. ಹೀಗೆ ನಮ್ಮ ರಿಜಿಸ್ಟರುಗಳು ತುಂಬಿದ್ದವು, ಅಳಿಯದೆ ಇದ್ದವು. ಹಾಗಿದ್ದ ಒಂದು ವರ್ಷದಲ್ಲಿ ಎರಡು ದಿನಕ್ಕಿಂತ ಹೆಚ್ಚು ವೆಂಟಿಲೇಟರಿನಲ್ಲಿದ್ದವರು ಮೂವತ್ತೊಂದು ಜನ. ಅದರಲ್ಲಿ ಹದಿನಾಲ್ಕು ಜನಕ್ಕೆ, ಬಂದ ಕಾಯಿಲೆ ಹಾಗಿರಲಿ, ಇಲ್ಲಿಗೆ ಬಂದ ಮೇಲೆ ನ್ಯುಮೋನಿಯಾ ಆಯಿತು. ಒಂಬತ್ತು ಜನ ಹೋದರು. ವೆಂಟಿಲೇಟರ್ ಹಾಕಿದರೆ ಆಸೆ ಬಿಟ್ಟಂತೆ ಎಂದು ಊರಿನವರು ಹೇಳುತ್ತಿದ್ದರು. ನಾವೂ ಹಾಗೇ ಅಂದುಕೊಂಡಿದ್ದೆವು. ಅಂದುಕೊಂಡರೆ ಕೆಲಸ ಹಗುರ.

ಆ ವರ್ಷದ ಕೊನೆಗೆ ಕನಕವಲ್ಲಿ ಸಿಸ್ಟರು ವಾರ್ಡಿನ ಇನ್‌ಚಾರ್ಜಾಗಿ ಬಂದರು. ಹೊರ ಊರಿನವರು, ಐವತ್ತು ದಾಟಿದ, ಸಣ್ಣ ದನಿಯ ಹೆಂಗಸು. ಬಂದ ಎರಡನೇ ದಿನ ಪ್ರತಿ ವೆಂಟಿಲೇಟರ್ ಹಾಸಿಗೆಯ ಕಾಲ ಬದಿಗೆ ಒಂದೊಂದು ಚಾರ್ಟು ನೇತುಹಾಕಿದರು. ನಾಲ್ಕು ತಾಸಿಗೊಂದು ಸಾಲು, ಸಾಲಿಗೆ ಐದು ಚೌಕ. ಮುಟ್ಟುವ ಮುಂಚೆ ಕೈ ತೊಳೆದದ್ದು. ಹಾಸಿಗೆಯ ತಲೆಬದಿಯನ್ನು ಕೆಂಪು ಗೆರೆಯವರೆಗೆ ಎತ್ತಿಟ್ಟದ್ದು. ಹಲ್ಲುಜ್ಜಿ ಬಾಯಿ ತೊಳೆದದ್ದು. ಗಂಟಲಲ್ಲಿ ಕೊಳವೆಯ ಸುತ್ತ ನಿಂತ ಜೊಲ್ಲನ್ನು ಎಳೆದು ತೆಗೆದದ್ದು. ಐದನೆಯದು ದಿನಕ್ಕೊಂದು ಸಲ: ನಿದ್ದೆಯ ಔಷಧಿ ನಿಲ್ಲಿಸಿ, ರೋಗಿ ತಾನೇ ಉಸಿರಾಡಬಲ್ಲನೇ ಎಂದು ನೋಡಿದ್ದು.

"ಇದೇನ್ ಸಿಸ್ಟರ್, ಪ್ರಜ್ಞೆ ಇಲ್ದವರಿಗೆ ಹಲ್ಲುಜ್ಜೋದಾ?" ಎಂದೆ.

"ಪ್ರಜ್ಞೆ ಇದ್ದಿದ್ರೆ ಅವರೇ ಉಜ್ಕೊಳ್ತಿದ್ರು ಬ್ರದರ್. ನಾವು ಜೊಲ್ಲು ಬಂದ್ರೆ ನುಂಗ್ತೀವಿ, ಒಳಗೆ ಇಳಿದ್ರೆ ಕೆಮ್ತೀವಿ. ಇವರಿಗೆ ಎರಡೂ ಆಗಲ್ಲ. ಬಾಯಲ್ಲಿ ಕೊಳೆತಿದ್ದೆಲ್ಲ ಈ ಕೊಳವೆ ಪಕ್ಕದಲ್ಲೇ ನಿಧಾನಕ್ಕೆ ಜಾರಿ ಎದೆಗೆ ಹೋಗುತ್ತೆ. ಮಟ್ಟಸ ಮಲಗಿಸಿದ್ರೆ ಇನ್ನೂ ಬೇಗ ಹೋಗುತ್ತೆ."

ನಾನು ತಲೆಯಾಡಿಸಿದೆ. ಮಾರನೆಯ ಬೆಳಿಗ್ಗೆ ಎಂಟಕ್ಕೆ, ಅಭ್ಯಾಸದಂತೆ, ನಾಲ್ಕೂ ಚಾರ್ಟಿನಲ್ಲಿ ಸರಸರನೆ ರೈಟು ಹಾಕಿ ಟೀ ಕುಡಿಯಲು ಹೋದೆ. ಹನ್ನೊಂದಕ್ಕೆ ದೊಡ್ಡ ಡಾಕ್ಟರು ರೌಂಡ್ಸಿಗೆ ಬಂದಾಗ ಇಪ್ಪತ್ತು ಚೌಕಗಳೂ ತೊಳೆದಿಟ್ಟ ತಟ್ಟೆಯ ಹಾಗಿದ್ದವು.

ದೊಡ್ಡ ಡಾಕ್ಟರೆಂದರೆ ಸೂಪರಿಂಟೆಂಡೆಂಟ್ ಶ್ರೀಕಂಠಸ್ವಾಮಿ. ಕೆಟ್ಟವರಲ್ಲ, ನಿವೃತ್ತಿಗೆ ಎರಡು ವರ್ಷವಿತ್ತು ಅಷ್ಟೆ. ಅವರಿಗೆ ಸಿಟ್ಟು ಬಂದದ್ದು ಕೆಲಸ ಆಗಿಲ್ಲವೆಂದಲ್ಲ. "ಮೂರು ತಿಂಗಳಿಗೆ ರಾಜಧಾನಿಯಿಂದ ತಂಡ ಬರ್ತಾ ಇದೆ ಕಣ್ರಯ್ಯಾ, ಸರ್ಟಿಫಿಕೇಟ್ ಕೊಡೋಕೆ. ಅವರ ಮುಂದೆ ಖಾಲಿ ಚಾರ್ಟು ಹಿಡ್ಕೊಂಡು ನಿಂತ್ಕೊಳ್ಲಾ? ನೀವ್ ಏನಾದ್ರೂ ಮಾಡಿ, ಚೌಕ ತುಂಬಿರಬೇಕು."

ಏನಾದರೂ ಮಾಡಿ ನೋಡಿದೆವು. ಚೌಕದೊಳಗೆ 'ಕಾರಣಾಂತರ' ಎಂದು ಬರೆದೆವು, ಕನಕವಲ್ಲಿ ಸಿಸ್ಟರು ಒಪ್ಪಲಿಲ್ಲ. ಮೂರು ತಾಸಿಗೊಮ್ಮೆ ಹೋಗಿ ಅಳಿದ ರೈಟುಗಳನ್ನು ತಿದ್ದಿ ಬರೆದೆವು. ನಾನಂತೂ ಒಂದು ದಿನ ಬ್ರಷ್ಷನ್ನು ನೀರಿಗೆ ಅದ್ದಿ, ರೋಗಿಯ ತುಟಿಗೆ ಸೋಕಿಸಿ, ರೈಟು ಹಾಕಿ ಕಾದೆ. ಗುರುತಿನ ಗಿಡ್ಡ ಕಾಲು ಉಳಿಯಿತು, ಉದ್ದ ಕಾಲು ಹೋಯಿತು. ಎರಡು ವಾರ ಹೀಗೆ ಒದ್ದಾಡಿದ ಮೇಲೆ ನಮಗೆ ಒಂದು ಲೆಕ್ಕ ಅರ್ಥವಾಯಿತು. ಹಲ್ಲುಜ್ಜಲು ಐದು ನಿಮಿಷ ಬೇಕು. ಉಜ್ಜದೆ ಉಜ್ಜಿದೆನೆಂದು ದಿನವಿಡೀ ಚಾರ್ಟು ತುಂಬುತ್ತಾ ಇರಲು ಅದರ ಮೂರರಷ್ಟು ಬೇಕು. ಕೆಲಸ ಮಾಡುವುದೇ ಸೋಮಾರಿಗಳಿಗೆ ಲಾಭ ಎಂದು ಗೊತ್ತಾದ ಮೇಲೆ ನಾವು ಕೆಲಸ ಮಾಡತೊಡಗಿದೆವು.

ಯಾರಿಗೂ ಪುಣ್ಯದ ಚಿಂತೆ ಇರಲಿಲ್ಲ. ಆದರೂ ಮುಂದಿನ ಮೂರು ತಿಂಗಳಲ್ಲಿ ಹನ್ನೊಂದು ಜನ ವೆಂಟಿಲೇಟರ್ ಹತ್ತಿದರು, ಒಬ್ಬರಿಗೆ ಮಾತ್ರ ನ್ಯುಮೋನಿಯಾ ಆಯಿತು, ಅವರೂ ನಡೆದುಕೊಂಡೇ ಮನೆಗೆ ಹೋದರು.

ಆ ದಿನಗಳಲ್ಲೇ ಒಂದನೇ ಹಾಸಿಗೆಗೆ ಗಿರಣಿ ಜಯಶೀಲಮ್ಮ ಬಂದದ್ದು. ನಮ್ಮ ಊರಿನಲ್ಲಿ ಹಿಟ್ಟು ತಿನ್ನುವ ಯಾರಿಗೂ ಆಕೆಯ ಪರಿಚಯ ಹೇಳಬೇಕಿಲ್ಲ. ಗಿರಣಿಯ ಸದ್ದಿನ ಮೇಲೂ ಕೇಳುವ ಗಂಟಲು. ಒಮ್ಮೆ ನಾನು ಸರಿಯಾಗಿ ಒಣಗದ ರಾಗಿ ಕೊಂಡೊಯ್ದಾಗ ಇಡೀ ಸಾಲಿನ ಮುಂದೆ ಡಬ್ಬಿ ಎತ್ತಿ ತೋರಿಸಿ, "ಈವಯ್ಯನ ಕೈಲಿ ಸೂಜಿ ಚುಚ್ಚಿಸ್ಕೊಳ್ಳೋರು ಯಾರಪ್ಪಾ, ರಾಗಿ ಒಣಗಿಸೋಕೇ ಬರಲ್ಲ ಇವನಿಗೆ" ಎಂದಿದ್ದರು. ಅಂಥವರಿಗೆ ಒಂದು ಸೋಮವಾರ ಪಾದ ಜೋಮು ಹಿಡಿಯಿತು. ಗುರುವಾರ ನಿಲ್ಲಲಾಗಲಿಲ್ಲ. ಶುಕ್ರವಾರ ಉಸಿರೆಳೆಯುವ ಶಕ್ತಿ ಹೋಯಿತು. ನರಗಳ ಕಾಯಿಲೆ. ಮನಸ್ಸು ಪೂರ್ತಿ ಎಚ್ಚರ, ಕಿವಿ ಚುರುಕು, ಕಣ್ಣು, ರೆಪ್ಪೆ ಬಿಟ್ಟು ಮಿಕ್ಕದ್ದೇನೂ ಅಲುಗದು.

"ನರ ತಾವಾಗೇ ಸರಿಹೋಗ್ತವೆ, ತಿಂಗಳೋ ಎರಡು ತಿಂಗಳೋ" ಎಂದು ದೊಡ್ಡ ಡಾಕ್ಟರು ಆಕೆಯ ಗಂಡ ಮರಿಯಪ್ಪನವರಿಗೆ ಹೇಳಿದರು. "ಅಲ್ಲೀವರೆಗೆ ಎದೆಗೆ ಸೋಂಕು ತಗಲದೆ ಇದ್ರೆ ಬದುಕ್ತಾರೆ. ತಗಲಿದ್ರೆ ಹೇಳೋಕಾಗಲ್ಲ."

ಮರಿಯಪ್ಪ ಕುಳ್ಳಗೆ ತೆಳ್ಳಗೆ ಇದ್ದ ಮನುಷ್ಯ. ಇಪ್ಪತ್ತೊಂಬತ್ತು ವರ್ಷ ಹೆಂಡತಿಯ ಮಾತಿಗೆ ಹೂಂ ಎಂದು ಬದುಕಿದವರು, ಈಗ ದಿನಾ ನಾಲ್ಕರಿಂದ ಐದರವರೆಗೆ, ಭೇಟಿಯ ಸಮಯದಲ್ಲಿ, ಪಕ್ಕದಲ್ಲಿ ಕೂತು ಒಬ್ಬರೇ ಮಾತಾಡತೊಡಗಿದರು. ಗಿರಣಿಯ ಬೆಲ್ಟು ಬದಲಿಸಿದ್ದು, ಯಾರು ಯಾರು ವಿಚಾರಿಸಿದ್ದು. ಒಂದು ಸಲ ರೆಪ್ಪೆ ಬಡಿದರೆ ಹೌದು, ಎರಡು ಸಲ ಬಡಿದರೆ ಇಲ್ಲ. ಹೆಚ್ಚಿಗೆ ಎರಡೇ ಬೀಳುತ್ತಿದ್ದವು. ಹದಿನೈದನೇ ದಿನ ಬಾಯಿಯ ಕೊಳವೆ ತೆಗೆದು ಕತ್ತಿನಲ್ಲಿ ತೂತು ಮಾಡಿ ಕೊಳವೆ ಹಾಕಿದರು. ನಾನು ಹಲ್ಲುಜ್ಜುವಾಗ ಆಕೆಯ ಕಣ್ಣು ನನ್ನ ಕೈಯನ್ನೇ ನೋಡುತ್ತಿತ್ತು. ಎಡಗಡೆ ದವಡೆ ಹಲ್ಲಿಗೆ ಬ್ರಷ್ಷು ಹೋಗುವವರೆಗೆ ಆ ಕಣ್ಣು ನನ್ನನ್ನು ಬಿಡುತ್ತಿರಲಿಲ್ಲ. ಬೈಗುಳ ಕೇಳಿಸದಿದ್ದರೂ ಬೈಸಿಕೊಳ್ಳಬಹುದು ಎಂದು ಆಗ ತಿಳಿಯಿತು.

ರಾಜಧಾನಿಯ ತಂಡ ಬಂತು. ಮೂವರು. ಚಾರ್ಟುಗಳ ಫೋಟೋ ಹೊಡೆದುಕೊಂಡರು. ಇಷ್ಟು ಚೊಕ್ಕ ಎಲ್ಲೂ ನೋಡಿಲ್ಲ ಎಂದರು. ಸಂದರ್ಶಕರ ಪುಸ್ತಕದಲ್ಲಿ ಅವರ ಹಿರಿಯರು ಅರ್ಧ ಪುಟ ಬರೆದರು. 'ಸಿಬ್ಬಂದಿಯ ನಿಸ್ವಾರ್ಥ ಸೇವಾ ಮನೋಭಾವ ಕಂಡು ಹೃದಯ ತುಂಬಿ ಬಂತು' ಎಂಬುದು ಮಧ್ಯಾಹ್ನದೊಳಗೆ ಹೋಯಿತು. 'ಚಾರ್ಟುಗಳು ಭರ್ತಿಯಾಗಿವೆ, ಉಪ್ಪಿಟ್ಟು ಚೆನ್ನಾಗಿತ್ತು' ಎಂಬುದು ಈಗಲೂ ಇದೆ.

ಸರ್ಟಿಫಿಕೇಟಿನ ಜೊತೆ ಬಹುಮಾನವಾಗಿ ಕಂಪ್ಯೂಟರು ಬಂತು. ಇನ್ನು ಚಾರ್ಟು ಕಾಗದದಲ್ಲಿಲ್ಲ, ಸ್ಕ್ರೀನಿನಲ್ಲಿ. ಅದೇ ಐದು ಚೌಕ, ಮುಟ್ಟಿದರೆ ಹಸಿರಾಗುತ್ತದೆ. ಮೊದಲ ದಿನ ಬೆಳಿಗ್ಗೆ ಎಂಟಕ್ಕೆ ನಾನು, ಸುಮ್ಮನೆ ಪರೀಕ್ಷೆಗೆಂದು, ಏನೂ ಮಾಡದೆ ಇಪ್ಪತ್ತು ಚೌಕಗಳನ್ನೂ ಹಸಿರು ಮಾಡಿದೆ. ಹತ್ತೂವರೆಗೆ ಒಬ್ಬೊಬ್ಬರಾಗಿ ಸ್ಕ್ರೀನಿನ ಮುಂದೆ ಬಂದು ನಿಂತರು. ಗ್ರಹಣ ಬಿಡುವುದನ್ನು ಕಾದ ಹಾಗೆ ಕಾದೆವು. ಹನ್ನೊಂದಾಯಿತು, ಹನ್ನೊಂದೂಕಾಲಾಯಿತು. ಹಸಿರು ಹಸಿರಾಗೇ ಇತ್ತು. ಯಾರೋ ಚಪ್ಪಾಳೆ ತಟ್ಟಿದರು. ದೊಡ್ಡ ಡಾಕ್ಟರು ಪೇಡೆ ತರಿಸಿದರು.

ಕನಕವಲ್ಲಿ ಸಿಸ್ಟರು ಪೇಡೆ ತೆಗೆದುಕೊಳ್ಳಲಿಲ್ಲ. ಅವರಿಗೆ ಬಡ್ತಿ ಸಿಕ್ಕಿತ್ತು. ಮೇಲಿನ ಮಹಡಿಯಲ್ಲಿ ಗುಣಮಟ್ಟದ ಅಧಿಕಾರಿ ಎಂದು ಒಂದು ಕೋಣೆ, ಫ್ಯಾನು, ಅಲ್ಲೊಂದು ಸ್ಕ್ರೀನು. ವಾರ್ಡಿಗೆ ಇಳಿಯುವ ಅಗತ್ಯವಿಲ್ಲ ಎಂದು ಆದೇಶವಿತ್ತು.

ಮರುದಿನದಿಂದಲೇ ನಾವು ಕೆಟ್ಟೆವೆಂದಲ್ಲ. ಮೊದಲು ಪಾಳಿಗೆ ಎರಡು ಸಲದ ಹಲ್ಲುಜ್ಜುವುದು ಒಂದು ಸಲವಾಯಿತು. ತಲೆಬದಿ ಎತ್ತಿದರೆ ರೋಗಿ ಕೆಳಗೆ ಜಾರುತ್ತಾನೆ, ಮತ್ತೆ ಮೇಲೆಳೆಯಬೇಕು, ಬೆನ್ನು ನೋವು. ಹಾಸಿಗೆ ಸ್ವಲ್ಪ ಸ್ವಲ್ಪವೇ ಮಟ್ಟಸವಾಯಿತು. ನಿದ್ದೆ ಔಷಧಿ ನಿಲ್ಲಿಸಿದರೆ ರೋಗಿ ಕೈಕಾಲು ಆಡಿಸುತ್ತಾನೆ, ಪಕ್ಕದಲ್ಲಿ ನಿಲ್ಲಬೇಕು; ನಾಳೆ ನಿಲ್ಲಿಸೋಣ ಎಂದಾಯಿತು. ಸ್ಕ್ರೀನಿನಲ್ಲಿ ನಾವು ನೂರಕ್ಕೆ ನೂರಿದ್ದೆವು. ನಿಜ ಹೇಳಬೇಕೆಂದರೆ ನಮಗೂ ಆ ಹಸಿರು ನೋಡಿ ನೋಡಿ ಎಲ್ಲ ಮಾಡಿಯೇ ಇದ್ದೇವೆ ಅನ್ನಿಸುತ್ತಿತ್ತು.

ಆ ಸಮಯಕ್ಕೆ ಎರಡನೇ ಹಾಸಿಗೆಗೆ ಶಿವಮೂರ್ತಿ ಬಂದ. ಊರಿಗೆ ನೀರು ಬಿಡುವವನು, ನಲವತ್ತು ವರ್ಷ. ಟ್ಯಾಂಕಿನ ಏಣಿಯಿಂದ ಜಾರಿ ತಲೆಗೆ ಪೆಟ್ಟಾಗಿತ್ತು. ಹೆಂಡತಿ ಮಕ್ಕಳಿಲ್ಲ, ಅಕ್ಕ ಒಬ್ಬಳೇ. ಗೌರಕ್ಕ ಎಂದು, ಅಂಗನವಾಡಿಯಲ್ಲಿ ಅಡುಗೆ ಮಾಡುವ ಹೆಂಗಸು. ನಾಲ್ಕನೇ ದಿನ ದೊಡ್ಡ ಡಾಕ್ಟರು ತಲೆಯ ಫೋಟೋ ನೋಡಿ, "ಬಾವು ಇಳೀತಿದೆ, ನಾಳೆ ಎಚ್ಚರ ಮಾಡಿ ನೋಡಿ, ಈ ವಾರ ಕೊಳವೆ ತೆಗೀಬಹುದು" ಎಂದರು. ಗೌರಕ್ಕ ನನ್ನ ಕಡೆ ತಿರುಗಿ, "ಅಣ್ಣಾ, ಇವ್ನು ಎದ್ದ ಮೇಲೆ ಮೊದಲು ಕಾಫಿ ಕೇಳ್ತಾನೆ. ಕೊಡಬೌದಾ?" ಎಂದು ಕೇಳಿದಳು. ಕೊಡಬಹುದು ಎಂದೆ.

ಎಚ್ಚರ ಮಾಡುವ ಚೌಕವನ್ನು ನಾನು ಮಾರನೆಯ ದಿನ ಹಸಿರು ಮಾಡಿದೆ. ಅದರ ಮಾರನೆಯ ದಿನವೂ ಮಾಡಿದೆ. ಹಲ್ಲಿನ ಚೌಕವನ್ನೂ ಮಾಡಿದೆ. ಆರನೇ ದಿನ ಶಿವಮೂರ್ತಿಗೆ ಜ್ವರ ಬಂತು. ಕೊಳವೆಯಿಂದ ಹಳದಿ ಕಫ ಬಂತು. ಎಕ್ಸ್‌ರೇಯಲ್ಲಿ ಬಲ ಎದೆ ಬೆಳ್ಳಗಾಗಿತ್ತು. ದೊಡ್ಡ ಡಾಕ್ಟರು ಸ್ಕ್ರೀನು ನೋಡಿ, "ಎಲ್ಲ ಹಸಿರಿದೆಯಲ್ಲ, ವೆಂಟಿಲೇಟರಿಂದ ಬಂದಿದ್ದಾಗಿರಲ್ಲ ಬಿಡಿ" ಎಂದರು, ಔಷಧಿ ಬರೆದರು. ಹನ್ನೊಂದನೇ ದಿನ ಮಧ್ಯಾಹ್ನ ಎರಡಕ್ಕೆ ಶಿವಮೂರ್ತಿ ಹೋದ. ಸುಲಭವಾಗಿ ಹೋಗಲಿಲ್ಲ. ಕಣ್ಣು ತೆರೆದಿತ್ತು, ಎದೆ ಯಂತ್ರದ ಜೊತೆ ಕಿತ್ತಾಡುತ್ತಿತ್ತು, ಒಂದು ಗಂಟೆಗೂ ಹೆಚ್ಚು ಹೊತ್ತು. ಪರದೆ ಎಳೆಯಲು ಯಾರಿಗೂ ನೆನಪಾಗಲಿಲ್ಲ. ಒಂದನೇ ಹಾಸಿಗೆಯಲ್ಲಿ ಜಯಶೀಲಮ್ಮನ ಮುಖ ಈ ಕಡೆಗೇ ತಿರುಗಿಸಿಟ್ಟಿತ್ತು. ತಾನಾಗಿ ಆ ಕಡೆ ತಿರುಗುವುದು ಆಕೆಗೆ ಆಗುತ್ತಿರಲಿಲ್ಲ.

ಮರಣದ ಪ್ರಮಾಣಪತ್ರವನ್ನು ಇಂದಿಗೂ ಕಾಗದದಲ್ಲೇ ಕೊಡುತ್ತಾರೆ. ಸಾವಿಗೆ ನೇರ ಕಾರಣ ಎಂಬ ಸಾಲಿನಲ್ಲಿ ತಲೆಗೆ ಪೆಟ್ಟು ಎಂದು ಬರೆದು ಕೊಟ್ಟೆವು. ಮೂರನೇ ದಿನ ಗೌರಕ್ಕ ಆ ಕಾಗದ ಹಿಡಿದು ಬಂದಳು.

"ಅಣ್ಣಾ, ಇಲ್ಲೊಂದ್ ಸಾಲು ಖಾಲಿ ಐತೆ. ಪಂಚಾಯ್ತಿಯೋರು ತಗೊಳ್ಳಲ್ಲಂತೆ."

ಮತ್ತೆ ಬರೆದು ಕೊಟ್ಟೆವು. ಮಾರನೆಯ ದಿನ ಮತ್ತೆ ಬಂದಳು. ದೊಡ್ಡ ಡಾಕ್ಟರು ಈ ಸಲ ತಾವೇ ಪೆನ್ನು ತೆಗೆದು 'ಹೃದಯ ನಿಂತದ್ದರಿಂದ' ಎಂದು ಬರೆದರು. ಅದು ಅವರ ಹಳೆಯ ಉಪಾಯ. ಸತ್ತವರೆಲ್ಲರ ಹೃದಯವೂ ನಿಂತೇ ಇರುತ್ತದೆ. ಗೌರಕ್ಕ ಹೊರಗಿನ ಬೆಂಚಿನ ಮೇಲೆ ಮೂರು ತಾಸು ಕೂತಳು. ಅಕ್ಷರ ಉಳಿಯಿತು. ಅವಳು ಎದ್ದು ಒಳಗೆ ಬಂದು ಹೇಳಿದಳು:

"ಸಾಹೇಬ್ರೇ, ಹೃದಯ ಎಲ್ರುದೂ ನಿಲ್ತದೆ. ಇವ್ನದು ಯಾಕೆ ನಿಂತೋಯ್ತು ಅಂತ ನಾನ್ ಕೇಳಿದ್ದು."

ದೊಡ್ಡ ಡಾಕ್ಟರು, "ಅದೆಲ್ಲ ವೈದ್ಯಕೀಯ ವಿಷಯಮ್ಮ, ನಿಂಗೆ ಅರ್ಥ ಆಗಲ್ಲ" ಎಂದು ರೌಂಡ್ಸಿಗೆ ಹೊರಟರು. ಅವಳು ನನ್ನ ಮುಖ ನೋಡಿದಳು. ನಾನು ಸಲೈನ್ ಬಾಟಲಿಯ ಮೇಲೆ ಬರೆದದ್ದನ್ನು ಓದುತ್ತಿದ್ದ ಹಾಗೆ ನಿಂತೆ.

ಅದೇ ದಿನ ನಾಲ್ಕು ಗಂಟೆಗೆ ಮರಿಯಪ್ಪ ಬಂದರು. ಕೈಯಲ್ಲಿ ಮಕ್ಕಳ ಅಕ್ಷರಮಾಲೆಯ ದೊಡ್ಡ ಹಾಳೆ. ಒಂದು ವಾರದಿಂದ ಅದನ್ನು ಹೆಂಡತಿಯ ಮುಂದೆ ಹಿಡಿದು, ಬೆರಳಿಟ್ಟುಕೊಂಡು ಹೋಗಿ, ರೆಪ್ಪೆ ಬಡಿದ ಕಡೆ ನಿಲ್ಲಿಸಿ, ಪದ ಕೂಡಿಸುವುದನ್ನು ಕಲಿತಿದ್ದರು. ಒತ್ತಕ್ಷರ ಆ ಹಾಳೆಯಲ್ಲಿರಲಿಲ್ಲ, ಆದ್ದರಿಂದ ಬಹಳ ಕಷ್ಟ. ಅವತ್ತು ಮುಕ್ಕಾಲು ಗಂಟೆ ಕೂತು ಎದ್ದು ಬಂದವರು ನನ್ನೆದುರು ನಿಂತು ಕೈ ಮುಗಿದರು.

"ಬ್ರದರ್, ಹ, ಲ, ಲ, ಉ ಅಂದ್ಲು. ಹಲಲು ಅಂದ್ರೆ ಏನೇ ಅಂದೆ. ಕಣ್ಣಲ್ಲೇ ಉಗುದ್ಲು. ಆಮೇಲೆ ಗೊತ್ತಾಯ್ತು, ಹಲ್ಲು. ಮೂರು ದಿನದಿಂದ ಉಜ್ಜಿಲ್ವಂತೆ."

"ಉಜ್ಜಿದೀವಿ ಮರಿಯಪ್ಪನೋರೇ. ನೋಡಿ ಬೇಕಾದ್ರೆ, ಸ್ಕ್ರೀನ್‌ನಲ್ಲಿ ಇದೆ."

ಅವರು ಸ್ಕ್ರೀನಿನ ಕಡೆ ನೋಡಿದರು. ನಂತರ ನೆಲ ನೋಡಿದರು. ಇಪ್ಪತ್ತೊಂಬತ್ತು ವರ್ಷದಲ್ಲಿ ಯಾರಿಗೂ ಎದುರಾಡದ ಮನುಷ್ಯ ಮೆಲ್ಲಗೆ ಹೇಳಿದರು: "ಸ್ಕ್ರೀನ್‌ನಲ್ಲಿ ಇದೆ ಬ್ರದರ್. ಬಾಯಲ್ಲಿಲ್ಲ. ನಾನ್ ನೋಡ್ದೆ. ಮೈನೂ ಬಿಸಿ ಇದೆ."

ನಾನು ಥರ್ಮಾಮೀಟರ್ ಇಟ್ಟೆ. ನೂರಾ ಒಂದು. ಕೊಳವೆಯಲ್ಲಿ ಹಳದಿ ಕಫ ಆಗಲೇ ಇಣುಕುತ್ತಿತ್ತು. ಜಯಶೀಲಮ್ಮ ನನ್ನನ್ನು ನೋಡುತ್ತಿದ್ದರು. ಈ ಸಲ ಆ ಕಣ್ಣಿನಲ್ಲಿ ಬೈಗುಳ ಇರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೆದರಿದ್ದರು.

ನಾನು ಮೆಟ್ಟಿಲು ಹತ್ತಿ ಕನಕವಲ್ಲಿ ಸಿಸ್ಟರ ಕೋಣೆಗೆ ಹೋದೆ. ಅವರ ಮೇಜಿನ ಮೇಲೆ ಬಿಳಿ ಹಾಳೆಗಳ ಒಂದು ಕಟ್ಟಿತ್ತು. ತಿಂಗಳ ವರದಿಯನ್ನು ಅಚ್ಚು ಹಾಕಿದಾಗಲೆಲ್ಲ ಆಸ್ಪತ್ರೆಯ ಹೆಸರು ಮತ್ತು ತಾರೀಖು ಮಾತ್ರ ಉಳಿಯುತ್ತಿತ್ತಂತೆ. ಮೇಲಿನವರಿಗೆ ಸ್ಕ್ರೀನಿನಿಂದಲೇ ಹೋಗುವುದರಿಂದ ತೊಂದರೆಯಿರಲಿಲ್ಲ. "ನಾಲ್ಕು ಸಲ ದೊಡ್ಡ ಡಾಕ್ಟರ ಹತ್ರ ಹೋದೆ. ಹಾಳೆ ಕೆಟ್ಟದಿರಬೇಕು, ಬೇರೆ ಕಂಪನೀದು ತರಿಸಿ ಅಂದ್ರು" ಎಂದರು. ನಾನು ನಿಂತಲ್ಲೇ ಎಲ್ಲ ಹೇಳಿದೆ. ಶಿವಮೂರ್ತಿಯದು, ಜಯಶೀಲಮ್ಮನದು. ಹೇಳಿ ಮುಗಿಸುವಷ್ಟರಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದೆ.

"ಆಮೇಲೆ ಅಳಿ ಬ್ರದರ್" ಎಂದು ಸಿಸ್ಟರು ಎದ್ದರು. "ಮೊದಲು ಕೆಳಗೆ ಹೋಗಿ ಅವರ ತಲೆಬದಿ ಎತ್ತಿ. ಬ್ರಷ್ಷು ನಾನು ತರ್ತೀನಿ."

ಆದೇಶ ಏನಿತ್ತೋ ಇತ್ತು, ಅವರು ಇಳಿದು ಬಂದರು. ಮರಿಯಪ್ಪನವರನ್ನು ನಲ್ಲಿಯ ಹತ್ತಿರ ನಿಲ್ಲಿಸಿ, ಮೊಣಕೈವರೆಗೆ ಸೋಪು ಹಚ್ಚಿಸಿ ಕೈ ತೊಳೆಸಿದರು. ಬ್ರಷ್ಷು ಹೇಗೆ ಹಿಡಿಯಬೇಕು, ನೀರು ಗಂಟಲಿಗಿಳಿಯದಂತೆ ಹೇಗೆ ಎಳೆದು ತೆಗೆಯಬೇಕು ಎಂದು ಕಲಿಸಿದರು. ಮರಿಯಪ್ಪ ಬ್ರಷ್ಷನ್ನು ಎರಡು ಸಲ ತೊಳೆದರು. "ಬೇಜಾರ್ ಮಾಡ್ಕೋಬ್ಯಾಡ ಕಣೇ" ಎನ್ನುತ್ತಾ ಹೆಂಡತಿಯ ಹಲ್ಲುಜ್ಜಿದರು. ಆಕೆ ಕಣ್ಣು ಮುಚ್ಚಿಕೊಂಡರು.

ಮಾರನೆಯ ಬೆಳಿಗ್ಗೆ ನಾನು ಡ್ಯೂಟಿ ಕೋಣೆಯಲ್ಲಿ ಒಂದು ಬಿಳಿ ಹಾಳೆ ತೆಗೆದುಕೊಂಡೆ. ಶಿವಮೂರ್ತಿಯ ಹೆಸರು ಬರೆದೆ. ಇಂಥ ದಿನದಿಂದ ಇಂಥ ದಿನದವರೆಗೆ ಅವನ ಹಲ್ಲುಜ್ಜಿಲ್ಲ, ತಲೆಬದಿ ಎತ್ತಿಟ್ಟಿಲ್ಲ, ಎಚ್ಚರ ಮಾಡಿ ನೋಡಿ ಎಂದ ಮೇಲೂ ನೋಡಿಲ್ಲ, ಎಲ್ಲವನ್ನೂ ಮಾಡಿದೆನೆಂದು ಸ್ಕ್ರೀನಿನಲ್ಲಿ ಒತ್ತಿದ್ದೇನೆ, ಅವನು ಸತ್ತದ್ದು ತಲೆಯ ಪೆಟ್ಟಿನಿಂದಲ್ಲ, ನ್ಯುಮೋನಿಯಾದಿಂದ ಎಂದು ಬರೆದು ರುಜು ಹಾಕಿದೆ. ಆಗ ಗಂಟೆ ಎಂಟು. ಜೇಬಿನಲ್ಲಿಟ್ಟುಕೊಂಡು ಕೆಲಸ ಮಾಡಿದೆ. ಮಧ್ಯೆ ಮಧ್ಯೆ ತೆಗೆದು ನೋಡಿದೆ. ನನ್ನ ಸರ್ವಿಸಿನಲ್ಲಿ ಬರೆದದ್ದೊಂದು ಅಳಿಸಿಹೋಗಲಿ ಎಂದು ಕಾದದ್ದು ಅದೊಂದೇ ಸಲ. ಕನಿಷ್ಠ ಒಂದು ಸಾಲು, ಕನಿಷ್ಠ ಕೊನೆಯ ಸಾಲು. ಹನ್ನೊಂದಕ್ಕೆ ನೋಡಿದೆ, ಹನ್ನೆರಡಕ್ಕೆ ನೋಡಿದೆ. ಶಾಯಿ ಮೊದಲಿಗಿಂತ ಕಪ್ಪಗಿದ್ದ ಹಾಗೆ ಕಂಡಿತು.

ಊಟದ ಬಿಡುವಿನಲ್ಲಿ ಅಂಗನವಾಡಿಗೆ ಹೋದೆ. ಗೌರಕ್ಕ ಪಾತ್ರೆ ತೊಳೆಯುತ್ತಿದ್ದಳು. ಸೆರಗಿಗೆ ಕೈ ಒರೆಸಿಕೊಂಡು ಕಾಗದ ತೆಗೆದುಕೊಂಡಳು, ಒಂದೊಂದೇ ಅಕ್ಷರ ಕೂಡಿಸಿ, ನಿಂತೇ ಓದಿದಳು. ನಾನು ಬೈಗುಳಕ್ಕೆ, ಬೇಕಾದರೆ ಏಟಿಗೂ ಸಿದ್ಧನಾಗಿ ಬಂದಿದ್ದೆ.

"ಬುಧವಾರ ಅಂತ ಬರ್ದಿದೀಯ" ಎಂದಳು. "ಬುಧವಾರ ನಾನ್ ಬಂದಿದ್ದೆ. ನೀನು ಕಿಟಕಿ ಹತ್ರ ನಿಂತ್ಕೊಂಡು ಟೀ ಕುಡೀತಿದ್ದೆ. ನನ್ನೂ ಕೇಳ್ದೆ, ಟೀ ಬೇಕೇನಕ್ಕ ಅಂತ."

ನನಗೆ ನೆನಪಿರಲಿಲ್ಲ.

"ಒಳ್ಳೇ ಮನ್ಸ ಅಂದ್ಕೊಂಡೆ" ಎಂದಳು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕೈಚೀಲಕ್ಕೆ ಹಾಕಿಕೊಂಡಳು. ಪಾತ್ರೆ ತೊಳೆಯುವುದು ಮುಗಿಸಿ, ಬಾಗಿಲಿಗೆ ಬೀಗ ಹಾಕಿ, ನನ್ನ ಹಿಂದೆಯೇ ಆಸ್ಪತ್ರೆಗೆ ಬಂದಳು.

ದೊಡ್ಡ ಡಾಕ್ಟರು ಕಾಗದ ನೋಡಿ ಕನ್ನಡಕ ತೆಗೆದರು, ಹಾಕಿಕೊಂಡರು. ನನ್ನ ಕಡೆ ತಿರುಗಿ, "ಬಾಯಲ್ಲಿ ಹೇಳಿದ್ರೆ ಆಗ್ತಿರ್ಲಿಲ್ವೇನಯ್ಯಾ?" ಎಂದರು. ನಂತರ ಗೌರಕ್ಕನಿಗೆ ಕುರ್ಚಿ ಹಾಕಿಸಿದರು. ಟೀ ಹೇಳಿದರು. ಏನು ಬೇಕು, ಕೇಸು ಹಾಕುತ್ತೀಯಾ, ಪೇಪರಿನವರ ಹತ್ತಿರ ಹೋಗುತ್ತೀಯಾ ಎಂದು ಬಹಳ ಮೃದುವಾಗಿ ವಿಚಾರಿಸಿದರು.

"ಕೇಸ್ ಹಾಕುದ್ರೆ ಅವ್ನ್ ಬತ್ತಾನಾ ಸಾಹೇಬ್ರೇ? ಆ ಸಾಲ್ನಾಗೆ ಇರೋ ವಿಷ್ಯ ಬರ್ಕೊಡಿ. ಇನ್ನೊಂದು, ದಿನಾ ನಾಲ್ಕ್ ಗಂಟೆಗೆ ನನ್ನ ಆ ವಾರ್ಡಿನ ಒಳಕ್ಕೆ ಬಿಡ್ರಿ."

"ಅಲ್ಲಿ ಈಗ ನಿಮ್ಮೋರು ಯಾರೂ ಇಲ್ವಲ್ಲಮ್ಮ."

"ಯಾರೋ ಒಬ್ರು ಇರ್ತಾರಲ್ಲ. ಅವ್ರ ಬಾಯ್ ನೋಡಿ ಬತ್ತೀನಿ."

ದೊಡ್ಡ ಡಾಕ್ಟರಿಗೆ ಆದ ಸಮಾಧಾನ ಮುಖದಲ್ಲೇ ಕಂಡಿತು. ಇಷ್ಟೇ ತಾನೆ, ಒಂದು ವಾರ ಬರುತ್ತಾಳೆ, ಬೇಜಾರಾಗಿ ಬಿಡುತ್ತಾಳೆ ಎಂದು ಒಪ್ಪಿದರು. ಪ್ರಮಾಣಪತ್ರದಲ್ಲಿ ನ್ಯುಮೋನಿಯಾ ಎಂದು ಬರೆದರು, ಬರೆಯುವಾಗ ನಿಟ್ಟುಸಿರು ಬಿಟ್ಟರು. ನನಗೆ ಎರಡು ದಿನದಲ್ಲಿ ನೋಟಿಸು ಬಂತು: 'ಪೂರ್ವಾನುಮತಿಯಿಲ್ಲದೆ ಕಾಗದದ ಮೇಲೆ ಬರೆದದ್ದಕ್ಕಾಗಿ ಎಚ್ಚರಿಕೆ ನೀಡಲಾಗಿದೆ.' ಹಲ್ಲಿನ ವಿಷಯ ಅದರಲ್ಲಿರಲಿಲ್ಲ. ಮೂರು ತಾಸು ಕಾದು ನೋಡಿದೆ, ಒಂದಕ್ಷರವೂ ಅಳಿಯಲಿಲ್ಲ.

ಗೌರಕ್ಕನಿಗೆ ಬೇಜಾರಾಗಲಿಲ್ಲ. ಅಂಗನವಾಡಿ ಮುಗಿಸಿ ನಾಲ್ಕಕ್ಕೆ ಸರಿಯಾಗಿ ಬರುತ್ತಿದ್ದಳು. ಕನಕವಲ್ಲಿ ಸಿಸ್ಟರು ಕಲಿಸಿದ ಹಾಗೆ ಕೈ ತೊಳೆಯುತ್ತಿದ್ದಳು, ಹಾಸಿಗೆಯ ಕೆಂಪು ಗೆರೆ ನೋಡುತ್ತಿದ್ದಳು, ನಮ್ಮ ಟಾರ್ಚು ಇಸಿದುಕೊಂಡು ಬಗ್ಗಿ ಬಾಯಿ ನೋಡುತ್ತಿದ್ದಳು. ಯಾರನ್ನೂ ಏನೂ ಅನ್ನುತ್ತಿರಲಿಲ್ಲ. ಕೈಚೀಲ ಮಾತ್ರ ಹೆಗಲಿನಿಂದ ಇಳಿಯುತ್ತಿರಲಿಲ್ಲ. ಅದರೊಳಗೆ ಏನಿದೆಯೆಂದು ಇಡೀ ಆಸ್ಪತ್ರೆಗೆ ಗೊತ್ತಿತ್ತು. ಮೂರೂಮುಕ್ಕಾಲಿಗೆ ವಾರ್ಡಿನಲ್ಲಿ ನಲ್ಲಿಯ ಮುಂದೆ ಸಾಲು ನಿಲ್ಲುತ್ತಿತ್ತು. ಕೆಲವರು ನಾಲ್ಕು ಗಂಟೆಗೆ ಮಾತ್ರ ಒಳ್ಳೆಯವರಾದರು. ಆಮೇಲಾಮೇಲೆ ಗೌರಕ್ಕ ಬೆಳಿಗ್ಗೆ ಏಳಕ್ಕೂ ಬರತೊಡಗಿದಳು, ಯಾವ ದಿನ ಎಂದು ಹೇಳದೆ. ಸ್ಕ್ರೀನು ಮೊದಲಿನಂತೆ ನೂರಕ್ಕೆ ನೂರು ತೋರಿಸುತ್ತಿತ್ತು. ಅದಕ್ಕೆ ಆಗಿನದಕ್ಕೂ ಈಗಿನದಕ್ಕೂ ಇರುವ ವ್ಯತ್ಯಾಸ ತಿಳಿಯಲಿಲ್ಲ.

ಜಯಶೀಲಮ್ಮ ಒಂಬತ್ತು ದಿನ ಸಾವು ಬದುಕಿನ ನಡುವೆ ಇದ್ದರು. ಎರಡು ಸಲ ಕೈತಪ್ಪಿ ಹೋದರು ಅನ್ನಿಸಿತು. ಹತ್ತನೇ ದಿನ ಜ್ವರ ಇಳಿಯಿತು. ಮರಿಯಪ್ಪ ದಿನಾ ಬ್ರಷ್ಷು ಹಿಡಿದು ಬಂದರು, ಎಡಗಡೆ ದವಡೆ ಹಲ್ಲನ್ನು ನನಗಿಂತ ಚೆನ್ನಾಗಿ ಉಜ್ಜುತ್ತಿದ್ದರು. ಮುಂದಿನ ತಿಂಗಳು ಬೆರಳು ಅಲುಗಿದವು. ಯಂತ್ರವನ್ನು ದಿನಕ್ಕೆ ಹತ್ತು ನಿಮಿಷ ಬಿಡಿಸಿದೆವು, ನಂತರ ಒಂದು ಗಂಟೆ, ನಂತರ ಇಡೀ ಹಗಲು. ಒಂದು ಮಧ್ಯಾಹ್ನ ಕತ್ತಿನ ಕೊಳವೆಗೆ ಮಾತಾಡುವ ಮುಚ್ಚಳ ಹಾಕಿ, ಕನಕವಲ್ಲಿ ಸಿಸ್ಟರು, "ಹೇಳಿ ಜಯಶೀಲಮ್ಮ, ಏನಾದ್ರೂ ಹೇಳಿ" ಎಂದರು. ನಾವೆಲ್ಲ ಸುತ್ತ ನಿಂತಿದ್ದೆವು. ಬೀಸುಕಲ್ಲು ಉಜ್ಜಿದಂಥ ದನಿಯೊಂದು ಹೊರಟಿತು.

"ಗಿರಣಿ... ಬೆಲ್ಟು... ದುಬಾರಿ ತಂದವ್ನೆ ಇವ್ನು."

ಮರಿಯಪ್ಪ ಗಳಗಳನೆ ಅತ್ತುಬಿಟ್ಟರು.

ನಾಲ್ಕಕ್ಕೆ ಗೌರಕ್ಕ ಬಂದಳು. ಜಯಶೀಲಮ್ಮ ಮಾತಾಡಿದ ಸುದ್ದಿ ಗೇಟಿನಲ್ಲೇ ತಿಳಿದಿತ್ತು. ಎಂದಿನಂತೆ ಕೈ ತೊಳೆದು, ಈ ಸಲ ಬಾಯಿ ನೋಡದೆ, ಒಂದನೇ ಹಾಸಿಗೆಯ ಪಕ್ಕ ಸ್ಟೂಲು ಎಳೆದುಕೊಂಡು ಕೂತಳು. ಬಹಳ ಹೊತ್ತು ಸೆರಗಿನ ಚುಂಗು ತಿರುವಿದಳು.

"ಅಮ್ಮಾ, ನೀವು ಪಕ್ಕದಲ್ಲೇ ಇದ್ರಿ. ಎಚ್ರ ಇತ್ತಂತೆ ನಿಮ್ಗೆ. ನನ್ನನ್ನ ಅವತ್ತು ಒಳಕ್ಕೆ ಬಿಡ್ಲಿಲ್ಲ. ನನ್ ತಮ್ಮ... ಹೆಂಗ್ ಹೋದ?"

ನಾನು ಎರಡನೇ ಹಾಸಿಗೆಯವರ ಔಷಧಿ ಅಳೆಯುತ್ತಿದ್ದೆ. ಕೈ ನಿಂತಿತು. ನಲವತ್ತು ವರ್ಷದಿಂದ ಯಾರ ಮುಖಕ್ಕೂ ದಾಕ್ಷಿಣ್ಯ ತೋರದ ಹೆಂಗಸು ಜಯಶೀಲಮ್ಮ. ಒದ್ದೆ ರಾಗಿಯನ್ನು ಒದ್ದೆ ಎಂದೇ ಹೇಳಿದವರು. ಆಕೆ ಗೌರಕ್ಕನ ಮುಖವನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದರು. ಕತ್ತಿನ ಮುಚ್ಚಳದಲ್ಲಿ ಗಾಳಿ ಸುಯ್ಯೆಂದಿತು.

"ನಿದ್ದೆ ಮಾಡ್ದಂಗೆ ಹೋದ ಕಣವ್ವ" ಎಂದರು, ಉಸಿರಿಗೊಂದು ಮಾತಿನಂತೆ. "ಗೊತ್ತೇ ಆಗ್ಲಿಲ್ಲ ಅವ್ನಿಗೆ. ನಾನ್ ನೋಡ್ತಾನೇ ಇದ್ದೆ."

ಗೌರಕ್ಕ ತಲೆಯಾಡಿಸಿದಳು. ಬರೆದು ಕೊಡಿ ಎಂದು ಅವಳು ಕೇಳಲಿಲ್ಲ. ಜಯಶೀಲಮ್ಮನ ಬೆರಳು, ಈಗಷ್ಟೇ ಅಲುಗಲು ಕಲಿತದ್ದು, ಹಾಸಿಗೆಯ ಮೇಲೆ ಒಂದಿಂಚು ಜರುಗಿ ಅವಳ ಬೆರಳಿಗೆ ತಾಗಿತು. ಮರಿಯಪ್ಪ ಮೂಗು ಒರೆಸಿಕೊಳ್ಳುತ್ತಾ ಹೊರಗೆ ಹೋದರು.

ನಾಲ್ಕೂ ಮುಕ್ಕಾಲಿಗೆ ಗೌರಕ್ಕ ಎದ್ದಳು. ಮತ್ತೊಮ್ಮೆ ನಲ್ಲಿಯ ಹತ್ತಿರ ಹೋಗಿ ಕೈ ತೊಳೆದು, ಎರಡನೇ ಹಾಸಿಗೆಯ ಹತ್ತಿರ ಬಂದಳು. ಅಲ್ಲಿ ಈಗ ಹೊಲಿಗೆ ಯಂತ್ರ ರಿಪೇರಿಯ ಮುದುಕನೊಬ್ಬ ಮಲಗಿದ್ದ, ಬಂದು ಎರಡೇ ದಿನ.

"ಇವ್ರುದು ಮಧ್ಯಾನ ಆಯ್ತೇನಣ್ಣ?"

"ಆಯ್ತಕ್ಕ."

"ಟಾರ್ಚು ಕೊಡು" ಎಂದು ಗೌರಕ್ಕ ಕೈ ಚಾಚಿದಳು.